ಮೊಸಳೆಗಳ ಬ್ಯಾಂಕು

ಗಜೇಂದ್ರಮೋಕ್ಷದ ಕಥೆಯನ್ನು ಕೇಳದ ಮನೆ ನಮ್ಮಲ್ಲಿ ವಿರಳ. ಆನೆಯ ಕಾಲನ್ನು ಕಚ್ಚಿ ಹಿಡಿದ ಮೊಸಳೆ ನಮಗೆ ಚೆನ್ನಾಗಿ ನೆನಪಿದೆ. ಹರಿಯ ಚಕ್ರ ತಗುಲಿ ಆ ಮೊಸಳೆಗೂ ಶಾಪವಿಮೋಚನೆಯಾಯಿತೆಂಬುದನ್ನು ಮಾತ್ರ ಮರೆತುಬಿಡುತ್ತೇವೆ. ಮೊಸಳೆಯೆಂದರೆ ಕೊಲ್ಲತಕ್ಕ ಪ್ರಾಣಿಯೆಂದೇ ನಮ್ಮ ಭಾವನೆ. ಅಂಥ ಪ್ರಾಣಿಯನ್ನು ಉಳಿಸುವುದಕ್ಕೆಂದೇ ಒಂದು ಬ್ಯಾಂಕು ಹುಟ್ಟಿತೆಂದರೆ ಕೇಳಿದವರಿಗೆ ಆಶ್ಚರ್ಯವಾದೀತು. ಚೆನ್ನೈಯಿಂದ ಮಹಾಬಲಿಪುರಕ್ಕೆ ಹೋಗುವ ಕಡಲಂಚಿನ ರಸ್ತೆಯಲ್ಲಿ, ಸುಮಾರು 40 ಕಿಲೋಮೀಟರ್ ದೂರದ ವಡನೆಮ್ಮೇಲಿಯಲ್ಲಿ ಅದು ಇದೆ. ಅದರ ಹೆಸರು ಮದ್ರಾಸ್ ಕ್ರೊಕೊಡೈಲ್ ಬ್ಯಾಂಕ್.

ಚರ್ಮದ ವ್ಯಾಪಾರಕ್ಕಾಗಿ ನಡೆದ ಬೇಟೆಯಿಂದ ನಮ್ಮ ದೇಶದ ಮೊಸಳೆಗಳು 1970ರ ಹೊತ್ತಿಗೆ ಬಹುಮಟ್ಟಿಗೆ ಕ್ಷೀಣಿಸಿದ್ದವು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾನೂನು ಬಂದಿತು. 1975ರಲ್ಲಿ ಭಾರತ ಸರ್ಕಾರವು ವಿಶ್ವಸಂಸ್ಥೆಯ ನೆರವಿನಿಂದ ಮೊಸಳೆಗಳ ರಕ್ಷಣೆಗೆ ಯೋಜನೆಯೊಂದನ್ನು ಆರಂಭಿಸಿತು. ಮರುವರ್ಷ, 1976ರಲ್ಲಿ, ರೋಮುಲಸ್ ವಿಟೇಕರ್ ಮತ್ತು ಜೈ ವಿಟೇಕರ್ ದಂಪತಿಗಳು ಈ ಸಂಸ್ಥೆಯನ್ನು ಸ್ಥಾಪಿಸಿದರು. ಬ್ಯಾಂಕೆಂಬ ಹೆಸರು ತಮಾಷೆಗೆ ಇಟ್ಟದ್ದಲ್ಲ. ಕೆಲವು ಮೊಸಳೆಗಳನ್ನು ಅಸಲಾಗಿ ಇಟ್ಟುಕೊಂಡು, ಅವುಗಳ ಮರಿಗಳನ್ನು ಬಡ್ಡಿಯಾಗಿ ನದಿಗಳಿಗೆ ಹಿಂದಿರುಗಿಸಬೇಕೆಂಬುದು ಅದರ ಉದ್ದೇಶ.

ಒಳಗೆ ಹೋದವರಿಗೆ ಮೊದಲು ಕಾಣುವುದು ನಿಶ್ಚಲತೆ. ಗೋಡೆಯಾಚೆಯ ಮರಳಿನ ಮೇಲೆ ಒಂದರ ಪಕ್ಕದಲ್ಲೊಂದು ಮೊಸಳೆಗಳು ಕೊರಡುಗಳಂತೆ ಬಿದ್ದಿರುತ್ತವೆ. ಕೆಲವು ಬಾಯಿ ತೆರೆದುಕೊಂಡೇ ಇರುತ್ತವೆ. ಅದು ಕೋಪವಲ್ಲ, ಮೈಯ ಶಾಖವನ್ನು ಹದದಲ್ಲಿಟ್ಟುಕೊಳ್ಳುವ ಉಪಾಯ. ನಮ್ಮ ಹಾಗೆ ಅವು ಅನ್ನದ ಬಲದಿಂದ ಮೈ ಬೆಚ್ಚಗಿಟ್ಟುಕೊಳ್ಳುವುದಿಲ್ಲ. ಬಿಸಿಲು, ನೆರಳು, ನೀರು ಇವುಗಳಿಂದಲೇ ಆ ಕೆಲಸ ನಡೆಯುತ್ತದೆ. ಆದ್ದರಿಂದಲೇ ದೊಡ್ಡ ಮೊಸಳೆಗೆ ದಿನವೂ ಊಟ ಬೇಕಾಗುವುದಿಲ್ಲ.

ನಮ್ಮ ದೇಶದಲ್ಲಿ ಮೂರು ಜಾತಿಗಳುಂಟು. ಹೊಳೆ ಕೆರೆಗಳ ಸಾಮಾನ್ಯ ಮೊಸಳೆ ಮೊದಲನೆಯದು. ಇದನ್ನೇ ಮಗ್ಗರ್ ಎನ್ನುತ್ತಾರೆ. ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟಿನಲ್ಲಿ ಬಂಡೆಗಳ ಮೇಲೆ ಬಿಸಿಲು ಕಾಯಿಸುವುದು ಇದೇ. ಕಡಲ ಅಳಿವೆಗಳಲ್ಲಿರುವ ಉಪ್ಪುನೀರಿನ ಮೊಸಳೆಯು ಸರೀಸೃಪಗಳಲ್ಲೆಲ್ಲ ದೈತ್ಯ. ಮೂರನೆಯದು ಉತ್ತರದ ನದಿಗಳ ಘರಿಯಲ್. ಅದರ ಮೂತಿ ನೀಳ ಮತ್ತು ಸಪೂರ, ಆಹಾರ ಮುಖ್ಯವಾಗಿ ಮೀನು. ಬೆಳೆದ ಗಂಡಿನ ಮೂತಿಯ ತುದಿಯಲ್ಲಿ ಗಡಿಗೆಯಂಥ ಗುಬುಟು ಇರುತ್ತದೆ. ಹೊರನಾಡಿನ ಆಲಿಗೇಟರನ್ನು ಗುರುತಿಸಬೇಕಾದರೆ ಮುಚ್ಚಿದ ಬಾಯಿಯನ್ನು ನೋಡಬೇಕು. ಮೊಸಳೆಯ ಕೆಳದವಡೆಯ ನಾಲ್ಕನೆಯ ಹಲ್ಲು ಹೊರಗೆ ಕಾಣುತ್ತದೆ. ಆಲಿಗೇಟರಿನದು ಮೇಲ್ದವಡೆಯೊಳಗೆ ಅಡಗುತ್ತದೆ. ನಮ್ಮ ಮಗ್ಗರಿನ ಮೂತಿಯೂ ಅಗಲವಾದ್ದರಿಂದ ಮೂತಿಯೊಂದನ್ನೇ ನಂಬಿದರೆ ಸಾಲದು.

ಇಲ್ಲಿ ನಡೆದ ಸಂಶೋಧನೆಯಿಂದ ಎರಡು ಸೋಜಿಗದ ಸಂಗತಿಗಳು ತಿಳಿದುಬಂದವು. ಮಗ್ಗರಿನ ಮರಿ ಗಂಡೋ ಹೆಣ್ಣೋ ಎಂಬುದನ್ನು ಮೊಟ್ಟೆಗೆ ತಗಲುವ ಶಾಖವು ನಿರ್ಧರಿಸುತ್ತದೆ. ಅದು 31 ಡಿಗ್ರಿ ಸೆಂಟಿಗ್ರೇಡಿಗಿಂತ ಕಡಿಮೆಯಿದ್ದರೆ ಹೆಣ್ಣು, 32.5 ಡಿಗ್ರಿಯ ಸುಮಾರಿನಲ್ಲಿದ್ದರೆ ಗಂಡು. ಇನ್ನು, ಹೊರಬಂದ ಮರಿಗಳನ್ನು ಬಾಯಲ್ಲಿ ಎತ್ತಿಕೊಂಡು ನೀರಿಗೆ ಒಯ್ಯುವ ಕೆಲಸ ತಾಯಿಯದು ಮಾತ್ರವಲ್ಲ. ತಂದೆಯೂ ಹಾಗೆ ಮಾಡುವುದನ್ನು ಇಲ್ಲಿ ಕಂಡರು. ಎಲುಬು ಮುರಿಯುವ ಆ ದವಡೆಗೆ ಇಂಥ ನಯವೂ ಗೊತ್ತಿದೆ.

ಮಗ್ಗರುಗಳು ಇಲ್ಲಿ ವರ್ಷಕ್ಕೆ ಎರಡು ಬಾರಿ ಮೊಟ್ಟೆಯಿಟ್ಟದ್ದೂ ಉಂಟು. ಬಡ್ಡಿ ಹೀಗೆ ಬೆಳೆಯಿತು. ಮರಿಗಳು ಹಲವು ರಾಜ್ಯಗಳಿಗೆ ಹೋದವು. ಆದರೆ ಕೊಳ್ಳುವವನಿಲ್ಲದ ಸರಕು ಉಗ್ರಾಣದಲ್ಲೇ ಉಳಿಯುವಂತೆ, 1990ರ ದಶಕದಲ್ಲಿ ಈ ಲೆಕ್ಕ ನಿಂತುಹೋಯಿತು. ಮೊಸಳೆ ನೆಮ್ಮದಿಯಾಗಿರಬಹುದಾದ ದಡಗಳೇ ಕಡಮೆಯಾಗಿದ್ದವು. ಇದ್ದ ದಡಗಳಲ್ಲಿ ಜನವಸತಿಯಿತ್ತು. ಬಿಡಲು ನದಿಯಿಲ್ಲದೆ ಕೊಳಗಳು ತುಂಬಿದವು. ಮೊಟ್ಟೆ ಮರಿಯಾಗಲೆಂದು ಶ್ರಮಿಸಿದವರೇ, ಮರಿಯಾಗದಂತೆ ಅವನ್ನು ತೆಗೆದುಹಾಕಬೇಕಾಯಿತು. ಇತ್ತೀಚಿನ ವರ್ಷಗಳಲ್ಲಿ ಒಂದು ಸಾವಿರ ಮೊಸಳೆಗಳನ್ನು ಗುಜರಾತಿನ ಜಾಮನಗರಕ್ಕೆ ಸಾಗಿಸುವ ಏರ್ಪಾಡೂ ಆಯಿತು.

ಹಾವುಗಳ ವಿಷಯದಲ್ಲಿ ಲೆಕ್ಕ ಬೇರೆಯಾಯಿತು. 1972ರ ಕಾನೂನಿನಿಂದ ಹಾವಿನ ಚರ್ಮದ ವ್ಯಾಪಾರ ನಿಂತು ಇರುಳರ ಜೀವನೋಪಾಯ ತಪ್ಪಿತು. ಅವರಿಗಾಗಿ 1978ರಲ್ಲಿ ಸಹಕಾರ ಸಂಘವೊಂದು ಹುಟ್ಟಿತು. ಹಾವನ್ನು ಹಿಡಿದು, ವಿಷವನ್ನು ತೆಗೆದು, ಹಾವನ್ನು ಮತ್ತೆ ಬಯಲಿಗೆ ಬಿಡುವುದು ಅವರ ಕಸುಬಾಯಿತು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷದಿಂದಲೇ ಹಾವು ಕಡಿತಕ್ಕೆ ಔಷಧಿ ತಯಾರಾಗುತ್ತದೆ.

ಮಕ್ಕಳನ್ನು ಕರೆದುಕೊಂಡು ಹೋಗುವವರು ಒಂದು ಮಾತನ್ನು ನೆನಪಿನಲ್ಲಿಡಬೇಕು. ಅಲುಗದ ಮೊಸಳೆ ಸತ್ತಿದೆಯೋ ಬದುಕಿದೆಯೋ ಎಂದು ಕಲ್ಲೆಸೆದು ನೋಡುವುದು ಸಲ್ಲದು. ಗೋಡೆಯ ಬಳಿ ಕಾಲು ಗಂಟೆ ಸುಮ್ಮನೆ ನಿಂತರೆ ಸಾಕು. ಕಣ್ಣಿನ ಮೇಲೆ ತೆಳುಪೊರೆಯೊಂದು ಸರಿದುಹೋಗುವುದು ಕಾಣುತ್ತದೆ. ಇಷ್ಟೊಂದು ಮೊಸಳೆಗಳು ಇಲ್ಲೇ ಏಕಿವೆಯೆಂದು ಮಕ್ಕಳು ಕೇಳಿದರೆ, ಬೇಟೆಯನ್ನು ಕಾನೂನು ನಿಲ್ಲಿಸೀತು, ಮರಿಗಳನ್ನು ಬ್ಯಾಂಕು ಬೆಳೆಸೀತು, ಆದರೆ ಹೊಳೆಯ ದಡವನ್ನು ಉಳಿಸಬೇಕಾದವರು ನಾವೇ ಎಂದು ಹೇಳಬೇಕು.