ಚಿಕ್ಕ ಮಕ್ಕಳ ಜೊತೆ ಬಂಡೆ ಹತ್ತಲು ಎಂಥ ಜಾಗ ಬೇಕು?

ಶಿಲಾರೋಹಣ ಎಂದರೆ ಏನೋ ದೊಡ್ಡ ಮಾತಿನ ಹಾಗೆ ಕೇಳಿಸುತ್ತದೆ. ನಮ್ಮ ಮಾತಿನಲ್ಲಿ ಹೇಳೋದಾದರೆ ಬಂಡೆ ಹತ್ತೋದು, ಅಷ್ಟೆ. ನಾವು ದನ ಕಾಯುವಾಗ, ಸೀತಾಫಲ ಕೀಳುವಾಗ ಹತ್ತೇ ಹತ್ತುತ್ತೇವೆ. ಈಗ ಪೇಟೆಯವರು ರಜೆ ಬಂದರೆ ಹೆಂಡತಿ ಮಕ್ಕಳನ್ನು ಕರೆದುಕೊಂಡು, ಹಗ್ಗ ಹೆಲ್ಮೆಟ್ ಸಮೇತ ಬಂಡೆ ಹುಡುಕಿಕೊಂಡು ಬರುತ್ತಾರೆ. ನಮ್ಮವರೂ ಜಾತ್ರೆ ದಿನ ಕಂಕುಳಲ್ಲಿ ಕೂಸು ಎತ್ತಿಕೊಂಡು ಬೆಟ್ಟ ಏರುತ್ತಾರೆ. ಆದ್ದರಿಂದ ಈ ವಿಷಯ ಇಬ್ಬರಿಗೂ ಸೇರಿದ್ದು.

ದೊಡ್ಡವರಷ್ಟೇ ಹೋಗುವಾಗ ತುದಿ ನೋಡಿ ಬಂಡೆ ಆರಿಸುತ್ತಾರೆ. ಎಷ್ಟು ಎತ್ತರ, ಎಷ್ಟು ಕಡಿದು ಎಂಬುದೇ ಅವರಿಗೆ ಮುಖ್ಯ. ಚಿಕ್ಕ ಮಕ್ಕಳಿದ್ದರೆ ಬುಡ ನೋಡಿ ಆರಿಸಬೇಕು. ಯಾಕೆ ಅಂದರೆ ಲೆಕ್ಕ ಹಾಕಿ ನೋಡಿ. ಅಪ್ಪ, ಅಮ್ಮ, ಎಂಟು ವರ್ಷದ ಅಣ್ಣ, ಮೂರು ವರ್ಷದ ತಂಗಿ ಹೋಗಿದ್ದಾರೆ ಎನ್ನೋಣ. ಅಣ್ಣ ಬಂಡೆ ಹತ್ತುತ್ತಾನೆ. ಅಪ್ಪ ಕೆಳಗೆ ಹಗ್ಗ ಹಿಡಿಯುತ್ತಾನೆ. ಉಳಿದ ಇಬ್ಬರು ಬುಡದಲ್ಲಿ. ಅಂದರೆ ನಾಲ್ವರಲ್ಲಿ ಮೂವರು ಯಾವಾಗಲೂ ಬುಡದಲ್ಲೇ ಇರುತ್ತಾರೆ. ಹಗ್ಗ ಹಿಡಿದವರು ಒಂದು ಕ್ಷಣವೂ ಕೈ ಬಿಡುವ ಹಾಗಿಲ್ಲ. ಆಗ ತಂಗಿ ಪೊದೆ ಕಡೆ ಓಡಿದರೆ ಹಿಡಿಯುವವರು ಬೇರೆಯೇ ಬೇಕು. ಅಮ್ಮನೂ ಹತ್ತಬೇಕು ಅಂದರೆ ಜೊತೆಗೆ ಚಿಕ್ಕಪ್ಪನೋ ಅತ್ತೆಯೋ ಇರಲೇಬೇಕು.

ಬುಡ ಹೇಗಿರಬೇಕು? ಮನೆ ಅಂಗಳದ ಹಾಗೆ ಸಮತಟ್ಟಾಗಿರಬೇಕು. ಮೇಲಿನಿಂದ ಬಿದ್ದ ಹೊಸ ಚೂರುಕಲ್ಲು ಅಲ್ಲಿ ಕಂಡರೆ ಇನ್ನೂ ಬೀಳಬಹುದು ಎಂದೇ ಅರ್ಥ. ನೆರಳಿಗೆ ಹುಣಸೆಯೋ ಹೊಂಗೆಯೋ ಇದ್ದರೆ ಒಳ್ಳೇದು, ಆದರೆ ಅದು ಬಂಡೆಯಿಂದ ಸ್ವಲ್ಪ ದೂರ ಇರಲಿ. ಹತ್ತುವವರ ನೇರ ಕೆಳಗೆ ಬುತ್ತಿ ಬಿಚ್ಚಿ ಕೂರಬಾರದು. ಕೆಲವು ಕಡೆ ಬುಡ ಎಂದು ನಾವು ನಿಂತ ಜಾಗವೇ ಇನ್ನೊಂದು ಬಂಡೆಯ ನೆತ್ತಿ ಆಗಿರುತ್ತದೆ, ನಾಲ್ಕು ಹೆಜ್ಜೆ ಹಿಂದೆ ಹೋದರೆ ಪ್ರಪಾತ. ಅಂಥ ಜಾಗ ಮಕ್ಕಳಿಗೆ ಬೇಡವೇ ಬೇಡ. ಹಾಗೆಯೇ ಬಿಟ್ಟುಹೋದ ಕಲ್ಲು ಕ್ವಾರಿ. ಗೋಡೆ ನೇರವಾಗಿ ಚೆನ್ನಾಗಿ ಕಾಣುತ್ತದೆ, ಆದರೆ ಮದ್ದು ಸಿಡಿಸಿದ ಕಲ್ಲು ಒಳಗೆಲ್ಲ ಬಿರುಕು ಬಿಟ್ಟಿರುತ್ತದೆ. ಕೆಳಗೆ ಮಳೆ ನೀರು ನಿಂತಿರುತ್ತದೆ, ಅದರ ಆಳ ದಡದಲ್ಲಿ ನಿಂತವರಿಗೆ ತಿಳಿಯೋದಿಲ್ಲ, ಅಂಚು ಇಳಿಜಾರಿಲ್ಲದೆ ಒಮ್ಮೆಗೇ ಕಡಿದಾಗಿರುತ್ತದೆ. ಈಜು ಬಂದವರಿಗೂ ಹತ್ತಿ ಬರೋದು ಕಷ್ಟ.

ಇನ್ನು ಬಂಡೆ. ರಾಮನಗರ, ಸಾವನದುರ್ಗ, ಮಧುಗಿರಿಯಿಂದ ಹಂಪಿ ಕಡೆಯವರೆಗೂ ಕ್ಲೋಸ್‌ಪೇಟ್ ಗ್ರಾನೈಟ್ ಎಂಬ ಶಿಲೆಯ ಪಟ್ಟಿ ಹಬ್ಬಿದೆ. ಕ್ಲೋಸ್‌ಪೇಟೆ ಎಂಬುದು ರಾಮನಗರದ ಹಳೆಯ ಹೆಸರು. ಈ ಶಿಲೆಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಗಟ್ಟಿ, ತರಿತರಿ, ಒಣಗಿದ್ದರೆ ಬರಿಗಾಲಿಗೂ ಹಿಡಿತ ಸಿಗುತ್ತದೆ. ಆದರೆ ಬಿಸಿಲು ಚಳಿಗೆ ಈರುಳ್ಳಿ ಸಿಪ್ಪೆಯ ಹಾಗೆ ಪದರು ಪದರಾಗಿ ಏಳುತ್ತದೆ. ಹಿಡಿಯುವ ಮೊದಲು ಬೆರಳ ಗೆಣ್ಣಿನಿಂದ ತಟ್ಟಿ ನೋಡಬೇಕು. ಮಡಕೆ ತಟ್ಟಿದ ಹಾಗೆ ಟೊಳ್ಳು ಶಬ್ದ ಬಂದರೆ ಆ ಪದರು ಕಿತ್ತು ಬರಬಹುದು. ಬಾದಾಮಿಯದು ಬೇರೆ, ಕೆಂಪು ಮರಳುಗಲ್ಲು. ಮಳೆ ಬಂದು ನೆನೆದಾಗ ಮರಳುಗಲ್ಲಿನ ಬಲ ಕಡಿಮೆ ಆಗುತ್ತದೆ, ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿ ಇರಬಹುದು. ಅಲ್ಲಿ ಮಳೆಯಾದ ಮೇಲೆ ಒಂದೆರಡು ದಿನ ಕಾಯಬೇಕು. ಗ್ರಾನೈಟಿಗೆ ಆ ತೊಂದರೆ ಇಲ್ಲ, ಆದರೆ ಮಳೆಗಾಲದಲ್ಲಿ ಹಾವಸೆ ಕಟ್ಟಿ ಸೋಪಿನ ಹಾಗೆ ಜಾರುತ್ತದೆ.

ಐದಾರು ವರ್ಷದ ಮಕ್ಕಳಿಗೆ ಹಗ್ಗ ಇಲ್ಲದೆ ಆಡಲು ಓರೆಯಾದ ಹಾಸುಬಂಡೆ ಸಾಕು. ಮಗು ಕೈ ಊರದೆ ನಿಲ್ಲುವಷ್ಟೇ ಇಳಿಜಾರು ಇರಬೇಕು. ಗುಂಡು ಆದರೆ ಮಗು ಎಷ್ಟೇ ಹತ್ತಿದರೂ ಅದರ ಸೊಂಟ ದೊಡ್ಡವರ ಕೈಗೆ ಎಟುಕಬೇಕು. ಒಂದು ಮಾತು ಮರೆಯಬೇಡಿ, ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ. ಹತ್ತುವಾಗ ಕಣ್ಣಿನ ಮುಂದೆ ಹಿಡಿತ ಕಾಣುತ್ತದೆ, ಇಳಿಯುವಾಗ ಕಾಲಿಡುವ ಜಾಗ ಕಾಣೋದಿಲ್ಲ. ಬೆಕ್ಕು ಮರ ಹತ್ತಿ ಕೂಗುವುದೂ ಇದಕ್ಕೇ ಇರಬೇಕು! ಆದ್ದರಿಂದ ಹಿಂದುಗಡೆ ನಡೆದು ಇಳಿಯುವ ದಾರಿ ಇರುವ ಬಂಡೆಯನ್ನೇ ಆರಿಸಬೇಕು.

ಹೆಸರಾದ ಜಾಗವೆಲ್ಲ ಮಕ್ಕಳಿಗೆ ಆಗೋದಿಲ್ಲ. ಹಂಪಿಯ ಹೇಮಕೂಟ ನನ್ನ ಪ್ರಕಾರ ತುಂಬಾ ಒಳ್ಳೇದು. ವಿರೂಪಾಕ್ಷ ಗುಡಿ ಪಕ್ಕದಲ್ಲೇ ವಿಶಾಲವಾದ ಹಾಸುಬಂಡೆ, ಏರು ಕಡಿಮೆ. ಗುಡಿ ಮಂಟಪಗಳ ಮೇಲೆ ಮಾತ್ರ ಹತ್ತಬಾರದು. ಮಧುಗಿರಿಯಲ್ಲಿ ಮೊದಲು ಮೆಟ್ಟಿಲಿವೆ, ಆಮೇಲೆ ಬಂಡೆಯಲ್ಲೇ ಕೊರೆದ ಸಣ್ಣ ಕಾಲ್ಗುಳಿಗಳು, ಕಂಬಿ. ಅವು ದೊಡ್ಡವರ ಹೆಜ್ಜೆಗೆ ಕೊರೆದವು, ಚಿಕ್ಕ ಕಾಲು ಎಟುಕೋದಿಲ್ಲ. ಮೆಟ್ಟಿಲು ಮುಗಿದ ಕಡೆ ಮಕ್ಕಳ ಜೊತೆ ತಿರುಗುವುದೇ ಸರಿ. ಸಾವನದುರ್ಗ ಸಮುದ್ರ ಮಟ್ಟದಿಂದ 1,226 ಮೀಟರ್ ಎತ್ತರ, ಉದ್ದಕ್ಕೂ ಬೋಳು ಬಂಡೆ, ನೆರಳಿಲ್ಲ. ಹತ್ತು ವರ್ಷದೊಳಗಿನವರನ್ನು ಕರೆದೊಯ್ಯಬಾರದು ಎಂದೇ ನನ್ನ ಅಭಿಪ್ರಾಯ. 1975ರಲ್ಲಿ ಬಿಡುಗಡೆಯಾದ ಶೋಲೆ ಸಿನಿಮಾದಲ್ಲಿ ಕಾಣುವ ರಾಮನಗರದ ಬಂಡೆಗಳು ಎಲ್ಲರಿಗೂ ಗೊತ್ತು. ಅಲ್ಲಿನ ರಾಮದೇವರ ಬೆಟ್ಟ 2012ರಿಂದ ರಣಹದ್ದು ಧಾಮ. ಉದ್ದ ಕೊಕ್ಕಿನ ರಣಹದ್ದುಗಳು ಕಡಿದಾದ ಬಂಡೆಯ ಅಂಚಿನಲ್ಲೇ ಗೂಡು ಕಟ್ಟುತ್ತವೆ, ಹತ್ತಿರ ಜನ ಹೋದರೆ ಗೂಡು ಬಿಡಬಹುದು. ಅಲ್ಲಿ ದೇವಸ್ಥಾನದ ಮೆಟ್ಟಿಲೇ ಸಾಕು. ಚಿತ್ರದುರ್ಗದ ಕೋಟೆ ಗೋಡೆಯನ್ನು ಜ್ಯೋತಿರಾಜ್ ಅವರು ಹಗ್ಗವಿಲ್ಲದೆ ಏರುವುದನ್ನು ನೋಡಿ ನಮ್ಮ ಹುಡುಗರು ಹಾಗೇ ಮಾಡಲು ಹೋಗುತ್ತಾರೆ. ಅದು ಅವರ ಎಷ್ಟೋ ವರ್ಷದ ಅಭ್ಯಾಸ. ಅವರೂ ಬಿದ್ದು ಪೆಟ್ಟು ಮಾಡಿಕೊಂಡಿದ್ದಾರೆ.

ಹಗ್ಗದ ಬಗ್ಗೆ ಹೇಳದೆ ಬಿಡುವ ಹಾಗಿಲ್ಲ. ಬಾವಿ ಹಗ್ಗ, ಲಾರಿಗೆ ಕಟ್ಟುವ ನೈಲಾನ್ ಹಗ್ಗ ಆಗೋದಿಲ್ಲ. ಶಿಲಾರೋಹಣದ ಹಗ್ಗ ಬಿದ್ದಾಗ ಸ್ವಲ್ಪ ಹಿಗ್ಗಿ ಪೆಟ್ಟನ್ನು ತಾನು ನುಂಗುತ್ತದೆ, ಬಾವಿ ಹಗ್ಗ ಆ ಪೆಟ್ಟನ್ನೆಲ್ಲ ಮೈಗೇ ಕೊಡುತ್ತದೆ. ಚಿಕ್ಕ ಮಕ್ಕಳಿಗೆ ಸೊಂಟ ಸಣ್ಣದು, ತಲೆ ಭಾರ. ಸೊಂಟಕ್ಕೆ ಮಾತ್ರ ಪಟ್ಟಿ ಕಟ್ಟಿದರೆ ತಲೆಕೆಳಗಾಗಿ ಜಾರಿಹೋಗಬಹುದು. ಅದಕ್ಕೆ ಭುಜವೂ ಸೇರಿ ಇಡೀ ಮೈಗೆ ಹಾಕುವ ಪಟ್ಟಿಯೇ ಬೇಕು. ಇದನ್ನೆಲ್ಲ ಕಲಿತವರಿಂದಲೇ ಕಲಿಯಬೇಕು. ನಮ್ಮ ರಾಜ್ಯದಲ್ಲಿ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ತರಬೇತಿ ಕೊಡುತ್ತದೆ. ಮೇಷ್ಟ್ರು ಮನಸ್ಸು ಮಾಡಿದರೆ ನಮ್ಮ ಶಾಲೆಯಿಂದಲೂ ಬರೆದು ಕೇಳಬಹುದು.

ಹೊತ್ತು ನೋಡುವುದೂ ಜಾಗ ನೋಡಿದ ಹಾಗೆಯೇ. ಪಡುವಣಕ್ಕೆ ಮುಖ ಮಾಡಿದ ಬಂಡೆಗೆ ಬೆಳಿಗ್ಗೆ ನೆರಳು, ಮಕ್ಕಳಿಗೆ ಅದೇ ಅನುಕೂಲ. ಮಾರ್ಚ್ ಏಪ್ರಿಲ್ ಮಧ್ಯಾಹ್ನ ಬಂಡೆ ಕಾದ ಹೆಂಚಾಗುತ್ತದೆ. ನವೆಂಬರ್‌ನಿಂದ ಫೆಬ್ರವರಿವರೆಗೆ ಹಿತ.

ಕಡೆಯದಾಗಿ ಹೆಜ್ಜೇನು. ಹಾವಿಗಿಂತ ನನಗೆ ಇದರದೇ ಭಯ ಹೆಚ್ಚು. ಮುಂದಕ್ಕೆ ಚಾಚಿದ ಬಂಡೆಯ ಅಡಿಯಲ್ಲಿ ಮೊರದಷ್ಟು ಅಗಲದ ಕರಿ ಹುಟ್ಟು ತೂಗುತ್ತಿರುತ್ತದೆ. ಹೊಗೆ, ಕಲ್ಲೇಟು ತಗುಲಿದರೆ ಇಡೀ ಹಿಂಡು ಏಳುತ್ತದೆ. ಎದ್ದರೆ ಬಡಿಯುತ್ತಾ ನಿಲ್ಲದೆ, ಮುಖಕ್ಕೆ ಬಟ್ಟೆ ಮುಚ್ಚಿಕೊಂಡು, ಮಗುವನ್ನು ಎತ್ತಿಕೊಂಡು ಓಡಬೇಕು. ನೀರಿಗೆ ಹಾರಬಾರದು, ತಲೆ ಎತ್ತುವುದನ್ನೇ ಅವು ಕಾಯುತ್ತವೆ. ಆದರೆ ಹಗ್ಗದಲ್ಲಿ ತೂಗುತ್ತಿರುವ ಹುಡುಗ ಓಡುವುದು ಎಲ್ಲಿಗೆ? ಹಗ್ಗ ಹಿಡಿದ ಅಪ್ಪನೂ ಅವನನ್ನು ಬಿಟ್ಟು ಓಡಲಾರ. ಅದಕ್ಕೇ ಬುತ್ತಿ ಗಂಟು ಇಳಿಸುವ ಮೊದಲು ಬಂಡೆಯ ಸುತ್ತ ಒಂದು ಸಲ ಬಂದು, ಮೇಲೆಲ್ಲ ಕಣ್ಣು ಹಾಯಿಸಬೇಕು. ಹತ್ತಿರದ ಹೊಲದವರನ್ನೂ ಕೇಳಬೇಕು, ಅವರಿಗೆ ಯಾವ ಬಂಡೆಯಲ್ಲಿ ಹುಟ್ಟಿದೆ ಅಂತ ಗೊತ್ತಿರುತ್ತದೆ. ಒಂದೇ ಒಂದು ಹುಟ್ಟು ಕಂಡರೂ ಗಂಟು ಬಿಚ್ಚದೆ ಬೇರೆ ಬಂಡೆಗೆ ಹೋಗುವುದು.