ದಾರಕ್ಕೆ ಕಟ್ಟಿದ ಗೊಂಬೆ ಮತ್ತು ನೇತ್ರಾಣಿಯ ಹವಳ

ರಾತ್ರಿ ಹತ್ತೂವರೆ. ರಾಜರಾಜೇಶ್ವರಿನಗರದ ಆರ್ಚ್ ದಾಟಿ ಬಿಇಎಂಎಲ್ ಬಡಾವಣೆಯ ಕಡೆ ತಿರುಗಿದರೆ ಸಿಗುವ ಒಂದು ಮನೆ. ಊಟದ ಮೇಜಿನ ಮೇಲೆ ಒಗೆದ ಬಿಳಿ ಪಂಚೆ ಹಾಸಿದೆ. ಧೂಳು ಹಾರಬಾರದೆಂದು ಫ್ಯಾನ್ ಆರಿಸಿ, ಕಿಟಕಿ ಮುಚ್ಚಿದ್ದಾರೆ. ಬ್ಯಾಂಕಿನಲ್ಲಿ ಕೆಲಸ ಮಾಡುವ ಈ ಗೆಳತಿ ತಮ್ಮ ಹೆಸರು ಬರೆಯಬೇಡಿ ಎಂದಿದ್ದಾರೆ. ಟೇಬಲ್ ಲ್ಯಾಂಪಿನ ಬೆಳಕಿನಲ್ಲಿ ಬಳೆಯಷ್ಟು ಅಗಲದ ಕರಿ ರಬ್ಬರ್ ಉಂಗುರವೊಂದನ್ನು ಬೆರಳ ತುದಿಯಲ್ಲಿ ಸುತ್ತಿಸುತ್ತಾ ಅದರ ಮೈಯನ್ನು ಸವರಿ ನೋಡುತ್ತಿದ್ದಾರೆ. ಆಮೇಲೆ ಸಿಲಿಕಾನ್ ಗ್ರೀಸನ್ನು ಮಗುವಿನ ಕಣ್ಣಿಗೆ ಕಾಡಿಗೆ ಹಚ್ಚುವಷ್ಟೇ ತೆಳುವಾಗಿ ಹಚ್ಚುತ್ತಾರೆ. ಕ್ಯಾಮೆರಾದ ಜಲನಿರೋಧಕ ಕವಚದ ಅಂಚಿನಲ್ಲಿ ಕೂರುವ ಈ ಉಂಗುರಕ್ಕೆ ಓ-ರಿಂಗ್ ಎಂದು ಹೆಸರು. ಕ್ಯಾಮೆರಾವನ್ನು ಸಮುದ್ರದಿಂದ ಕಾಪಾಡುವುದು ಇದೊಂದೇ. ಇದರ ಮೇಲೆ ಒಂದು ಎಳೆ ಕೂದಲು ಉಳಿದರೂ ಹತ್ತು ಮೀಟರ್ ಆಳದಲ್ಲಿ ನೀರು ದಾರಿ ಮಾಡಿಕೊಳ್ಳುತ್ತದೆ. ಅಲ್ಲಿ ಒತ್ತಡ ದಡದಲ್ಲಿರುವುದರ ಎರಡರಷ್ಟು.

ಉಂಗುರ ಕೂರಿಸಿದ ಮೇಲೆ ಬಕೆಟ್ಟಿನ ಸರದಿ. ಕ್ಯಾಮೆರಾ ಇಲ್ಲದ ಖಾಲಿ ಕವಚದೊಳಗೆ ಟಿಶ್ಯೂ ಕಾಗದದ ಚೂರನ್ನಿಟ್ಟು, ಮುಚ್ಚಿ, ಬಕೆಟ್ಟಿನಲ್ಲಿ ಮುಳುಗಿಸಿ ಮೇಲೊಂದು ಕಲ್ಲು ಹೇರುತ್ತಾರೆ. ಇಪ್ಪತ್ತು ನಿಮಿಷದ ನಂತರ ಕಾಗದ ಒಣಗಿಯೇ ಇದ್ದರೆ ಮಾತ್ರ ಕ್ಯಾಮೆರಾಗೆ ಪ್ರವೇಶ. ಅವತ್ತು ಒಣಗಿಯೇ ಇತ್ತು.

ಹವಳದ ದಿಬ್ಬಗಳ ನಡುವೆ ಫೋಟೊ ತೆಗೆಯುವ ವಿದ್ಯೆಯನ್ನು ಸಮುದ್ರವಿಲ್ಲದ ಬೆಂಗಳೂರಿನಲ್ಲಿ, ಅದೂ ವೃಷಭಾವತಿಯ ದಂಡೆಯ ಈ ಬಡಾವಣೆಯಲ್ಲಿ ಹೇಗೆ ಕಲಿಯುತ್ತಾರೆ ಎಂಬ ಕುತೂಹಲ ನನ್ನನ್ನು ಅಲ್ಲಿಗೆ ಕರೆದೊಯ್ದಿತ್ತು. ಉತ್ತರ ಸಿಕ್ಕಿದ್ದು ಮಾರನೆಯ ಭಾನುವಾರ ಬೆಳಗ್ಗೆ ಆರಕ್ಕೆ, ಒಂದು ಈಜುಕೊಳದ ಆಳದ ತುದಿಯಲ್ಲಿ. ತರಬೇತುದಾರರೊಬ್ಬರು ಗಾಳಿಯ ಸಿಲಿಂಡರುಗಳನ್ನು ತಂದಿದ್ದರು. ಗೆಳತಿಯ ಚೀಲದಿಂದ ಹೊರಬಂದದ್ದು ಚನ್ನಪಟ್ಟಣದ ಗೊಂಬೆ! ಗೇಣುದ್ದದ ಮರದ ಮೀನು, ಕೆಂಪು ಅರಗಿನ ಮೈ, ಹಳದಿ ಪಟ್ಟೆ. ಹೊಟ್ಟೆಗೆ ಎರಡಡಿ ದಾರ, ದಾರದ ತುದಿಗೆ ಕಲ್ಲು. ಕೊಳಕ್ಕೆ ಬಿಟ್ಟರೆ ಕಲ್ಲು ತಳ ಮುಟ್ಟುತ್ತದೆ. ಹಗುರ ಮರದ ಗೊಂಬೆ ಮೇಲೇಳಲು ಹೋಗಿ ದಾರ ಬಿಗಿದು, ನೀರಿನ ನಡುವೆ ಜೀವಂತ ಮೀನಿನಂತೆ ನಿಂತುಬಿಡುತ್ತದೆ.

ಆ ಮೀನನ್ನು ಅಲುಗಿಸದೆ ಅದರ ಕಣ್ಣಿನ ಫೋಟೊ ತೆಗೆಯಬೇಕು. ಪಾಠ ಇಷ್ಟೇ.

ನಾನೂ ಇಳಿದೆ. ಎರಡು ಮೊಳ ದೂರವಿದ್ದಾಗಲೇ ಗೊಂಬೆ ಗಿರ್ರನೆ ತಿರುಗಿತು. ಕಾಲಿನ ರೆಕ್ಕೆಯಿಂದ ಹೊರಟ ಅಲೆ ನನಗಿಂತ ಮೊದಲೇ ಅದನ್ನು ತಲುಪಿತ್ತು. ಕೈ ಬೀಸಿದರೆ ತಿರುಗುತ್ತದೆ, ಮೊಣಕಾಲು ಮಡಚಿದರೆ ತಿರುಗುತ್ತದೆ. ಗೆಳತಿ ಬಂದರು. ಮೈ ನೆಲಕ್ಕೆ ಸಮಾನಾಂತರ, ಕಾಲುಗಳನ್ನು ಮೇಲೆ ಮಡಚಿ ಕಪ್ಪೆಯ ಹಾಗೆ ಪಕ್ಕಕ್ಕೆ ಒಂದೇ ತಳ್ಳು. ಉಳಿದದ್ದೆಲ್ಲ ಉಸಿರಿನ ಕೆಲಸ. ಉಸಿರೆಳೆದುಕೊಂಡರೆ ಶ್ವಾಸಕೋಶ ಹಿಗ್ಗಿ ಮೈ ಅಂಗೈಯಷ್ಟು ಮೇಲೇಳುತ್ತದೆ, ಬಿಟ್ಟರೆ ಇಳಿಯುತ್ತದೆ. ಆದರೆ ಒಂದೆರಡು ಕ್ಷಣ ತಡವಾಗಿ. ಆ ತಡವನ್ನು ಮೊದಲೇ ಲೆಕ್ಕ ಹಾಕಿ ಉಸಿರಾಡುವವರಿಗೆ ಮಾತ್ರ ನೀರಿನಲ್ಲಿ ನಿಲುಗಡೆ. ಉಸಿರು ಕಟ್ಟಿ ನಿಲ್ಲೋಣವೆಂದರೆ ಅದು ಸಲ್ಲದು. ಉಸಿರು ಹಿಡಿದು ಮೇಲೇರಿದರೆ ಒಳಗಿನ ಗಾಳಿ ಹಿಗ್ಗಿ ಶ್ವಾಸಕೋಶವೇ ಹರಿಯಬಹುದು. ಸ್ಕೂಬಾದ ಮೊದಲ ಪಾಠವೇ ಅದು. ಹಾಗಾಗಿ ನಿಧಾನವಾಗಿ ಉಸಿರು ಬಿಡುತ್ತಾ, ಅದು ಮುಗಿಯುವ ಹೊತ್ತಿಗೆ ಗುಂಡಿ ಒತ್ತುವುದು. ಗೆಳತಿ ಗೊಂಬೆಯ ಮೂತಿಯಿಂದ ಒಂದು ಗೇಣು ದೂರದಲ್ಲಿ ಐದು ನಿಮಿಷ ಇದ್ದರು. ದಾರ ನೆಟ್ಟಗೇ ಇತ್ತು. ಅವರು ಈಜು ಕಲಿತದ್ದೇ ನಲವತ್ತೊಂದನೆಯ ವಯಸ್ಸಿನಲ್ಲಿ ಎಂದರೆ ನಂಬುವುದು ಕಷ್ಟ.

ನೀರಿನೊಳಗಿನ ಛಾಯಾಗ್ರಹಣದ ಚರಿತ್ರೆಯನ್ನೂ ಅವರ ಬಾಯಿಂದಲೇ ಕೇಳಿದೆ. 1893ರಲ್ಲಿ ಫ್ರಾನ್ಸಿನ ಲೂಯಿ ಬೂತಾನ್ ಸಮುದ್ರದೊಳಗೆ ಕ್ಯಾಮೆರಾ ಇಳಿಸಿದರು. 1926ರಲ್ಲಿ ಅಮೆರಿಕದ ಲಾಂಗ್ಲಿ ಮತ್ತು ಮಾರ್ಟಿನ್, ತೆಪ್ಪದ ಮೇಲೆ ಮೆಗ್ನೀಸಿಯಂ ಪುಡಿ ಸಿಡಿಸಿ ಆ ಬೆಳಕಿನಲ್ಲಿ ಮೀನಿನ ಬಣ್ಣದ ಚಿತ್ರ ತೆಗೆದರು. 1963ರಲ್ಲಿ ನಿಕಾನಾಸ್ ಬಂದ ಮೇಲೆ ಕವಚವೇ ಬೇಡದ ಕ್ಯಾಮೆರಾ ಹವ್ಯಾಸಿಗಳ ಕೈಗೆ ಸಿಕ್ಕಿತು. ನಮ್ಮ ಪೀಳಿಗೆಗೆ ಸಮುದ್ರದ ಒಳಗಿನ ಹಂಬಲ ಹತ್ತಿದ್ದು 1987ರಲ್ಲಿ, ಶಂಕರ್ ನಾಗ್ ನಿರ್ದೇಶನದ ‘ಒಂದು ಮುತ್ತಿನ ಕಥೆ’ಯಲ್ಲಿ ರಾಜಕುಮಾರ್ ಮುತ್ತಿಗಾಗಿ ಮುಳುಗಿದಾಗ. ಗೆಳತಿ ಆಗ ಶಾಲಾಬಾಲಕಿ. ಮುಂದೆ ಪುನೀತ್ ‘ಗಂಧದ ಗುಡಿ’ಗಾಗಿ ನೇತ್ರಾಣಿ ದ್ವೀಪದ ಬಳಿ ನೀರಿಗಿಳಿದದ್ದನ್ನು 2022ರಲ್ಲಿ ತೆರೆಯ ಮೇಲೆ ನೋಡಿ ಅತ್ತವರಲ್ಲಿ ಇವರೂ ಒಬ್ಬರು.

ಗೊಂಬೆ ಕೆಂಪಾಗಿರುವುದಕ್ಕೂ ಕಾರಣವಿದೆ. ನೀರು ಎಲ್ಲಕ್ಕಿಂತ ಮೊದಲು ಕೆಂಪು ಬಣ್ಣವನ್ನು ನುಂಗುತ್ತದೆ. ಐದಾರು ಮೀಟರ್ ಇಳಿಯುವಷ್ಟರಲ್ಲಿ ಅದು ಮಂಕಾಗುತ್ತದೆ. ಇನ್ನೂ ಇಳಿದರೆ ಹಣೆಯ ಕುಂಕುಮವೂ ಕಂದಾಗಿ ಕಾಣುತ್ತದೆ. ಕೊಳದಲ್ಲಿ ಅಷ್ಟು ಆಳವಿಲ್ಲ, ನಿಜ. ಆದರೂ ಕೆಂಪನ್ನು ನಂಬಬಾರದೆಂಬ ಎಚ್ಚರ ಅಲ್ಲಿಂದಲೇ ಬರಲಿ ಎಂದು ಅವರ ಆಸೆ. ಬಣ್ಣ ಮರಳಿ ಬೇಕೆಂದರೆ ಫ್ಲ್ಯಾಶಿನ ಬೆಳಕನ್ನು ನಾವೇ ಒಯ್ಯಬೇಕು. ಆ ಬೆಳಕೂ ಮೀನಿನವರೆಗೆ ಹೋಗಿ ಬರುವಾಗ ನೀರಿಗೆ ಸುಂಕ ಕಟ್ಟುತ್ತದೆ. ಹಾಗಾಗಿ ಝೂಮ್ ಮಾಡುವುದು ದಂಡ, ಹತ್ತಿರ ಹೋಗುವುದೊಂದೇ ದಾರಿ. ಗಾಜಿನ ಮುಖವಾಡದಲ್ಲಿ ಎಲ್ಲವೂ ಕಾಲುಭಾಗ ಹತ್ತಿರವಿದ್ದಂತೆ ತೋರುವುದರಿಂದ, ಹತ್ತಿರ ಬಂದೆವೆಂದು ಅನಿಸಿದ ಮೇಲೂ ಇನ್ನಷ್ಟು ಹತ್ತಿರ ಹೋಗಬೇಕು. ಫ್ಲ್ಯಾಶನ್ನು ಲೆನ್ಸಿನ ಪಕ್ಕದಲ್ಲೇ ಇಟ್ಟರೆ ಚಾರ್ಮಾಡಿಯ ಮಂಜಿನಲ್ಲಿ ಹೈ ಬೀಮ್ ಹಾಕಿದ ಹಾಗೆ. ತೇಲುವ ಕಣಗಳೆಲ್ಲ ಬೆಳಗಿ ಚಿತ್ರದ ತುಂಬ ಹಿಮ ಸುರಿಯುತ್ತದೆ. ಅದಕ್ಕೇ ಎರಡೂ ಬದಿಗೆ ಉದ್ದ ತೋಳು ಚಾಚಿ ಅಂಚಿನಿಂದ ಬೆಳಕು ಬಿಡುತ್ತಾರೆ. ಷಟರ್, ಅಪರ್ಚರ್ ಎಲ್ಲವನ್ನೂ ಅವರು ವಿವರಿಸಿದರು. ಅವನ್ನು ಯಾವ ಕ್ಯಾಮೆರಾ ಅಂಗಡಿಯವರೂ ಹೇಳಿಕೊಟ್ಟಾರು.

ಇಷ್ಟೆಲ್ಲ ತಯಾರಿ ನೇತ್ರಾಣಿಗಾಗಿ. ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ಸಮುದ್ರದೊಳಗೆ, ಮೇಲಿನಿಂದ ನೋಡಿದರೆ ಹೃದಯದಾಕಾರದ ಗುಡ್ಡ. ಬೆಂಗಳೂರಿನಿಂದ ರಾತ್ರಿ ಬಸ್ಸು, ಬೆಳಗ್ಗೆ ದೋಣಿ. ಬೆನ್ನ ಹಿಂದೆ 123 ಅಡಿಯ ಶಿವ ಹೆಬ್ಬೆರಳಷ್ಟಾಗುವ ಹೊತ್ತಿಗೆ ಬಿಳಿಹೊಟ್ಟೆಯ ಕಡಲ ಹದ್ದು ಬಂಡೆಯಂಚಿನಲ್ಲಿ ಸುತ್ತುತ್ತಿರುತ್ತದೆ. ನೀರೊಳಗೆ ಚಿಟ್ಟೆ ಮೀನು, ಗಿಳಿ ಮೀನು, ಬಂಡೆಯ ಸಂದಿಯಿಂದ ಬಾಯಿ ತೆರೆದು ನೋಡುವ ಮೋರೆ ಹಾವುಮೀನು. ಮಳೆಗಾಲದಲ್ಲಿ ದೋಣಿಯಿಲ್ಲ. ಅಕ್ಟೋಬರಿನಿಂದ ಮೇ ತನಕವೇ ಋತು.

ಇದು ಅಂಡಮಾನಿನಷ್ಟು ವಿಸ್ತಾರವಾದ ಹವಳದ ನೆಲೆಯಲ್ಲ. ಇರುವಷ್ಟು ಹವಳ ನಮ್ಮದು. ಆದರೂ ಇದೇ ದ್ವೀಪವನ್ನು ನೌಕಾಪಡೆ ಗುರಿ ಅಭ್ಯಾಸಕ್ಕೆ ಬಳಸಿಕೊಂಡು ಬಂದದ್ದು ನನಗೆ ಇವತ್ತಿಗೂ ಸಂಕಟದ ಸಂಗತಿ. ಹವಳ ಕಲ್ಲಿನಂತೆ ಕಂಡರೂ ಸಾವಿರಾರು ಪುಟ್ಟ ಜೀವಿಗಳ ವಠಾರ. ದುಂಡು ಹವಳದ ಬಂಡೆ ವರ್ಷಕ್ಕೆ ಬೆಳೆಯುವುದು ಹೆಚ್ಚೆಂದರೆ ಒಂದೆರಡು ಸೆಂಟಿಮೀಟರ್. ಕ್ಯಾಮೆರಾ ಹಿಡಿದವರು ಆಧಾರಕ್ಕೆಂದು ಊರಿದ ಒಂದು ಮೊಣಕೈ ಹಲವು ವರ್ಷದ ಬೆಳವಣಿಗೆಯನ್ನು ಕ್ಷಣದಲ್ಲಿ ಮುರಿಯುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹುಲಿಗಿರುವ ರಕ್ಷಣೆಯೇ ಹವಳಕ್ಕೂ ಇದೆ ಎಂದು ದೋಣಿ ಹತ್ತುವ ಎಷ್ಟು ಜನರಿಗೆ ಗೊತ್ತು? ಗೊಂಬೆಯ ಪಾಠ ಪಾಸಾಗದವರ ಕೈಗೆ ಗೆಳತಿ ಕ್ಯಾಮೆರಾ ಕೊಡುವುದಿಲ್ಲ. ಇನ್‌ಸ್ಟಾಗ್ರಾಮಿಗೊಂದು ಚಿತ್ರ ಸಾಕು ಎನ್ನುವವರಿಗೆ ಇದು ಅತಿಯಾಯಿತು ಅನ್ನಿಸುತ್ತದಂತೆ. ನನಗೆ ಹಾಗನ್ನಿಸಲಿಲ್ಲ.

ಕೊಳದಿಂದ ಮನೆಗೆ ಮರಳಿದ ಮೇಲೆ, ನಾನು ಹೊರಡುವ ಮುನ್ನ ಗೆಳತಿ ಲ್ಯಾಪ್‌ಟಾಪಿನಲ್ಲಿ ನೇತ್ರಾಣಿಯ ಎರಡು ಚಿತ್ರ ತೋರಿಸಿದರು. ಒಂದೇ ಹವಳದ ಗುಂಡು, ಏಳು ವರ್ಷಗಳ ಅಂತರ. ಹಳೆಯದರಲ್ಲಿ ಅದರ ನೆತ್ತಿಯ ತೂತಿನಿಂದ ಬೆರಳುಗಾತ್ರದ ಮೀನೊಂದು ಇಣುಕುತ್ತಿದೆ, ಕಣ್ಣಿನ ಸುತ್ತಲ ಕಿತ್ತಳೆ ಉಂಗುರವೂ ಸ್ಪಷ್ಟ. ಹೊಸದರಲ್ಲಿ ಗುಂಡಿನ ಮೇಲೆ ಹಸಿರು ನೈಲಾನ್ ಬಲೆಯ ತುಂಡು ಸಿಕ್ಕಿಕೊಂಡಿದೆ, ಅದು ಉಜ್ಜಿದ ಕಡೆ ಬಿಳಿ ಗೆರೆ. ತೂತು ಖಾಲಿ. ಬಲೆಯನ್ನು ಬಿಡಿಸಿ ತಂದರಂತೆ. ಮುಂದಿನ ಸಲ ಹೋದಾಗಲೂ ಆ ತೂತಿನ ಎದುರು ಸಿಲಿಂಡರಿನ ಗಾಳಿ ತೀರುತ್ತಾ ಬರುವ ತನಕ ಕಾದು ಬಂದಿದ್ದಾರೆ.

ಮೇ ಮುಗಿಯುತ್ತಾ ಬಂದಿತ್ತು. ಓ-ರಿಂಗ್ ಬಿಚ್ಚಿ ಡಬ್ಬಿಯಲ್ಲಿಟ್ಟಾಗಿತ್ತು. ಕಿಟಕಿಯ ಹಲಗೆಯ ಮೇಲೆ ಮರದ ಮೀನನ್ನು ಬಾಲ ಮೇಲಾಗಿ ಒಣಗಲಿಟ್ಟಿದ್ದರು. ಕೊಳದ ಕ್ಲೋರಿನ್ನಿಗೆ ಒಂದು ಮಗ್ಗುಲಿನ ಕೆಂಪು ಪೂರ್ತಿ ಬಿಟ್ಟುಹೋಗಿ ಮರದ ಬಿಳಿ ಕಾಣುತ್ತಿತ್ತು. ಹೊರಗೆ ಕೆಂಗೇರಿಯ ಕಡೆಯಿಂದ ಮಳೆ ಬರುತ್ತಿತ್ತು.