ಮೌರ್ಯರ ಪಾಠಕ್ಕೆ ಬ್ರಹ್ಮಗಿರಿ, ಬೇರುಗಂಟಿಗೆ ಶೇಂಗಾ ಹೊಲ

ಡಿಸೆಂಬರ್ ಬಂತೆಂದರೆ ಚಳ್ಳಕೆರೆ, ಮೊಳಕಾಲ್ಮುರು ಸೀಮೆಯ ಶಾಲೆಗಳಲ್ಲಿ ಟೂರಿನ ಗಡಿಬಿಡಿ. ಮೈಸೂರು, ಬೇಲೂರು, ಜೋಗ ಸುತ್ತಿ ಬರುವ ಮಕ್ಕಳ ಖುಷಿಗೆ ನನ್ನ ತಕರಾರಿಲ್ಲ. ತಕರಾರು ಇರುವುದು ಅದನ್ನು ಶೈಕ್ಷಣಿಕ ಪ್ರವಾಸ ಎಂದು ಕಡತದಲ್ಲಿ ಬರೆದುಕೊಳ್ಳುವುದಕ್ಕೆ. ಬಸ್ಸು ಯಾವತ್ತು ಸಿಗುತ್ತದೆ, ಎಸ್ಸೆಸ್ಸೆಲ್ಸಿ ತಯಾರಿಗೆ ಮೊದಲು ಮುಗಿಯುತ್ತದೋ ಇಲ್ಲವೋ ಎಂದು ನೋಡಿ ದಿನ ಗೊತ್ತುಮಾಡುತ್ತಾರೆ. ಪಾಠ ಎಲ್ಲಿಗೆ ಬಂದಿದೆ ಎಂದು ಕೇಳುವವರು ಕಡಿಮೆ.

ಎಂಟನೇ ತರಗತಿಯಲ್ಲಿ ಮೌರ್ಯರ ಪಾಠವಿದೆ. ಅಶೋಕನ ಶಾಸನವಿರುವ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಮೂರೂ ಮೊಳಕಾಲ್ಮುರು ತಾಲ್ಲೂಕಿನಲ್ಲೇ ಇವೆ. 1892ರಲ್ಲಿ ಬಿ.ಎಲ್. ರೈಸ್ ಇವನ್ನು ಬೆಳಕಿಗೆ ತಂದರು. ಬ್ರಹ್ಮಗಿರಿಯ ಬಂಡೆಯ ಮೇಲಿರುವುದು ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ ಬಂದ ಆದೇಶ. ತಂದೆತಾಯಿಯ ಮಾತು ಕೇಳಬೇಕು, ಜೀವಿಗಳಲ್ಲಿ ದಯೆ ಇರಬೇಕು, ಸತ್ಯ ನುಡಿಯಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು ಎನ್ನುತ್ತದೆ ಅದು. (ಕೊನೆಯದನ್ನು ಮೇಷ್ಟ್ರು ಎರಡು ಸಲ ಓದಿ ಹೇಳಿದರೆ ತಪ್ಪೇನಿಲ್ಲ.) ಬರೆದವನು ಚಪಡ. ಶಾಸನವೆಲ್ಲ ಬ್ರಾಹ್ಮಿಯಲ್ಲಿದ್ದರೂ ತಾನು ಲಿಪಿಕಾರ ಎಂಬುದನ್ನು ಮಾತ್ರ ಅವನು ಬಲದಿಂದ ಎಡಕ್ಕೆ ಓದುವ ಖರೋಷ್ಠಿಯಲ್ಲಿ ಬರೆದಿದ್ದಾನೆ. ದೂರದ ವಾಯವ್ಯದ ಲಿಪಿ ಈ ಬಯಲುಸೀಮೆಯ ಗುಡ್ಡಕ್ಕೆ ಹೇಗೆ ಬಂತು? ಈ ಪ್ರಶ್ನೆಗೆ ಒಂದು ಪಿರಿಯಡ್ ಸಾಲದು.

ಆದರೆ ಸುಮ್ಮನೆ ಕರೆದೊಯ್ದರೆ ಅದು ಮಕ್ಕಳಿಗೆ ಗೀಚಿದ ಕಲ್ಲು, ಅಷ್ಟೆ. ಹೋಗುವ ವಾರದ ಮೊದಲೇ ಕಪ್ಪುಹಲಗೆಯ ಮೇಲೆ ಹತ್ತು ಬ್ರಾಹ್ಮಿ ಅಕ್ಷರ ಕಲಿಸಿ, ತಂತಮ್ಮ ಹೆಸರು ಬರೆಯಲು ಹಚ್ಚಬೇಕು. ಆಮೇಲೆ ನೋಡಿ, ಬಂಡೆಯ ಮುಂದೆ ‘ನನ್ನ ಮ ಇಲ್ಲೈತೆ’ ಎಂದು ತಾವೇ ಹುಡುಕುತ್ತಾರೆ. 1947ರಲ್ಲಿ ಮಾರ್ಟಿಮರ್ ವೀಲರ್ ಇಲ್ಲೇ ಅಗೆಸಿ, ಕಲ್ಲುಕೊಡಲಿಯ ಜನ, ಬೃಹತ್ ಶಿಲಾಗೋರಿಗಳ ಜನ, ಅವರ ನಂತರದ ಶಾತವಾಹನರ ಕಾಲದವರು ಬಾಳಿದ ಪದರಗಳನ್ನು ತೋರಿಸಿಕೊಟ್ಟರು. ಅದನ್ನೂ ಅದೇ ದಿನ ಹೇಳಬಹುದು. ಬೆಳಿಗ್ಗೆ ಬೇಗ ಹೋಗಿ, ಬಂಡೆ ಕಾಯುವ ಮೊದಲು ಇಳಿದುಬಿಡಬೇಕು. ಮರುದಿನದ ಮೊದಲ ಪಿರಿಯಡ್ಡನ್ನು ಕಂಡದ್ದನ್ನು ಬರೆಸಲು ಖಾಲಿ ಇಟ್ಟುಕೊಳ್ಳದಿದ್ದರೆ ಅರ್ಧ ಫಲ ಹೋಯಿತು.

ವಿಜ್ಞಾನದ ಪಾಠಕ್ಕಂತೂ ಕಾಲವೇ ಎಲ್ಲ. ಚಳ್ಳಕೆರೆಗೆ ಎಣ್ಣೆ ನಗರ ಎಂಬ ಹೆಸರು ಬಂದದ್ದು ಶೇಂಗಾದಿಂದ. ಮುಂಗಾರಿಗೆ ಬಿತ್ತಿದ ಶೇಂಗಾ ತಿಂಗಳು ಕಳೆಯುತ್ತಲೇ ಹೂ ಬಿಡುತ್ತದೆ. ಹೂವಿನ ಬುಡದಿಂದ ಇಳಿದ ಸೂಜಿ ಮಣ್ಣಿಗೆ ಚುಚ್ಚಿಕೊಂಡು ನೆಲದೊಳಗೆ ಕಾಯಾಗುತ್ತದೆ. ಶ್ರಾವಣದಲ್ಲಿ ಒಂದು ಗಿಡ ಕಿತ್ತು ಬೇರು ತೊಳೆದರೆ ರೈಜೋಬಿಯಂ ಬೇರುಗಂಟುಗಳು ಕೈಗೇ ಸಿಗುತ್ತವೆ. ಒಂದನ್ನು ಉಗುರಿನಿಂದ ಸೀಳಿದರೆ ಒಳಗೆ ಗುಲಾಬಿ ಬಣ್ಣ. ಸಾರಜನಕ ಹಿಡಿಯುವ ಕೆಲಸ ನಡೆದಿದೆ ಎಂಬುದಕ್ಕೆ ಅದೇ ಗುರುತು. ಇದಕ್ಕೆ ಬಸ್ಸು ಬೇಡ, ಊರಾಚೆಯ ಹೊಲದ ಯಜಮಾನನ ಒಪ್ಪಿಗೆ ಸಾಕು. ಡಿಸೆಂಬರ್‌ನಲ್ಲಿ ಹೋದರೆ ಸಿಗುವುದು ಕಿತ್ತ ಹೊಲ.

ಮೊಳಕಾಲ್ಮುರಿನ ರೇಷ್ಮೆ ಸೀರೆಯ ಮಗ್ಗಕ್ಕೂ ಹೊತ್ತುಗೊತ್ತಿದೆ. ಅರವತ್ತು ಮಕ್ಕಳು ನೇಕಾರರ ಮನೆಗೆ ಒಮ್ಮೆಲೇ ನುಗ್ಗಿದರೆ ಅವರ ಕೂಲಿ ಕೆಡುತ್ತದೆ. ಹತ್ತತ್ತು ಮಂದಿ, ಮೊದಲೇ ಕೇಳಿಕೊಂಡು ಹೋಗಲಿ. ಹಾಸು ಹೊಕ್ಕಿನ ಎಳೆ ಎಣಿಸುವುದರಲ್ಲೇ ಗಣಿತ ಬೇಕಾದಷ್ಟಿದೆ. ಕುದಾಪುರದಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣ ನೋಡುವ ಆಸೆಯಿದ್ದರೆ ಬಹಳ ಮುಂಚೆಯೇ ಪತ್ರ ಬರೆಯಬೇಕು.

ಕೆಲವು ಸಂದರ್ಭಗಳು ಕಾಯುವುದೂ ಇಲ್ಲ. ಪಕ್ಕದ ಹಿರಿಯೂರಿನ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಬಿದ್ದದ್ದು 2022ರಲ್ಲಿ, 89 ವರ್ಷದ ನಂತರ. ಅಂಥ ವಾರದಲ್ಲಿ ವೇಳಾಪಟ್ಟಿ ಬದಿಗಿಟ್ಟು ಮಕ್ಕಳನ್ನು ಕರೆದೊಯ್ಯುವ ಅಧಿಕಾರ ಮುಖ್ಯ ಶಿಕ್ಷಕರಿಗೆ ಇರಬೇಕು. ಅಷ್ಟೇ ಎಚ್ಚರವೂ ಇರಬೇಕು: 2024ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರದ ಕಡಲಲ್ಲಿ ಪ್ರವಾಸಕ್ಕೆ ಹೋಗಿದ್ದ ನಾಲ್ವರು ವಿದ್ಯಾರ್ಥಿನಿಯರು ಮುಳುಗಿ ತೀರಿಕೊಂಡರು.

ಮೇಷ್ಟ್ರುಗಳಲ್ಲಿ, ಮೇಡಮ್ಮುಗಳಲ್ಲಿ ಒಂದು ಕೋರಿಕೆ. ಜೂನ್‌ನಲ್ಲಿ ವಾರ್ಷಿಕ ಪಾಠ ಯೋಜನೆ ಬರೆಯುವಾಗಲೇ ಯಾವ ಪಾಠಕ್ಕೆ ಯಾವ ಜಾಗ, ಯಾವ ವಾರ ಎಂಬುದನ್ನೂ ಪಕ್ಕದಲ್ಲಿ ಬರೆದಿಡಿ. ಎಸ್‌ಡಿಎಂಸಿ ಸಭೆಯಲ್ಲಿ ಓದಿ ಹೇಳಿ. ಡಿಸೆಂಬರಿನ ಟೂರು ಬೇಕಿದ್ದರೆ ಆಮೇಲೆ ಇದ್ದೇ ಇದೆ.